ಸಾರವೆ ಒಂದು, ಗುತ್ತಿಗೆದಾರರು ಮೂವರು

ಕೃಷ್ಣಾ ತೀರದ ಉಗಾರ ಖುರ್ದ ಸಕ್ಕರೆ ಕಾರ್ಖಾನೆಯ ಊರು. ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ಇಂಥ ಊರುಗಳಲ್ಲಿ ಹೊಸ ಮಳಿಗೆಗಳು ಏಳುತ್ತವೆ. ಗೌಂಡಿ ಒಬ್ಬ ಗುತ್ತಿಗೆದಾರನ ಕಡೆಯವನು, ವೆಲ್ಡರ್ ಇನ್ನೊಬ್ಬನ ಕಡೆಯವನು. ಸಾರವೆ ಮಾತ್ರ ಒಂದೇ. ಅದು ಕುಸಿದರೆ 'ನಮ್ಮ ಆಳಲ್ಲ' ಎಂದು ಕೈತೊಳೆದುಕೊಳ್ಳುವುದು ಹಳೆಯ ಚಾಳಿ.

ಕಾನೂನು ಅದನ್ನು ಒಪ್ಪುವುದಿಲ್ಲ. ಅಪಘಾತ ತಡೆಯಲು ನಿರಂತರ ಮೇಲ್ವಿಚಾರಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೂ 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮೇಲೆ ಕೆಲಸ ಸಾಗಿತ್ತು. ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು!

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಔದ್ಯೋಗಿಕ ಸುರಕ್ಷತಾ ಸಂಹಿತೆ ಇನ್ನೂ ಖಚಿತವಾಗಿದೆ. ಕೆಲಸದ ಆವರಣದೊಳಗೆ ಇರುವವರ ಸುರಕ್ಷತೆಗೆ, ಅವರು ಬಂದದ್ದು ಗೊತ್ತಿರಲಿ ಬಿಡಲಿ, ಕೆಲಸ ಮಾಡಿಸುವವನೇ ಹೊಣೆ. 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಕೆಲಸಕ್ಕೆ ಸುರಕ್ಷತಾಧಿಕಾರಿ ಬೇಕೇ ಬೇಕು. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಹಣವನ್ನು ಸತ್ತವನ ವಾರಸುದಾರರಿಗೆ ನ್ಯಾಯಾಲಯ ಕೊಡಿಸಬಹುದು.

ತರಬೇತಿಗೆಂದು ಸೈಟಿಗೆ ಹೋದ ಡಿಪ್ಲೊಮಾ ವಿದ್ಯಾರ್ಥಿಯೂ ಈ ಆವರಣದೊಳಗಿನವನೇ. ಸುರಕ್ಷತೆ ನೋಡಿಕೊಳ್ಳುವವರು ಯಾರು, ಹೆಲ್ಮೆಟ್ ಎಲ್ಲಿ ಎಂದು ಪಾಲಕರು ಮೊದಲ ದಿನವೇ ಕೇಳಬಹುದು.