ಕೊನೇ ರೀಲಿನಲ್ಲಿ ಸೋಲದ ನಾಯಕಿ!

ಚಿತ್ರರಸಿಕರೇ, ಒಂದು ಮಾತು ಕೇಳಲೇ? ನಾಯಕಿ ಬಿದ್ದಾಗ ಕಣ್ಣೀರಿಡುವ ನಾವು ಅವಳು ಎದ್ದಾಗ ಯಾಕೆ ಶಿಳ್ಳೆ ಹಾಕುವುದಿಲ್ಲ?

1969ರ ‘ಗೆಜ್ಜೆಪೂಜೆ’ಯ ಚಂದ್ರಾ ಸಾವನ್ನೇ ಆರಿಸಿಕೊಂಡಳು. 1971ರ ‘ಶರಪಂಜರ’ದ ಕಾವೇರಿ ಮತ್ತೆ ಹುಚ್ಚಿಯಾದಳು. ಎರಡಕ್ಕೂ ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅಭಿನಯ! ಆ ಚಿತ್ರಗಳು ಹೇಳಿದ್ದು ಸುಳ್ಳಲ್ಲ. ಸಮಾಜ ಹೆಣ್ಣನ್ನು ಹಾಗೇ ಮುರಿಯುತ್ತದೆ. ಆದರೆ ಮುರಿದದ್ದನ್ನು ಮತ್ತೆ ಕೂಡಿಸಿಕೊಳ್ಳುವುದು ಹ್ಯಾಂಗ? ಅದನ್ನು ತೋರಿಸುವ ರೀಲು ಎಲ್ಲೈತಿ?

ಆ ರೀಲು ನನಗೆ ಸಿಕ್ಕಿದ್ದು ಒಂದು ಕಾದಂಬರಿಯಲ್ಲಿ. ಹೆಸರು ‘ಮಹಾಶ್ವೇತೆ’. ಬರೆದವರು 1950ರಲ್ಲಿ ನಮ್ಮ ಶಿಗ್ಗಾಂವಿಯಲ್ಲೇ ಹುಟ್ಟಿದ ಸುಧಾ ಮೂರ್ತಿ.

ಕಥಾನಾಯಕಿ ಅನುಪಮಾ. ಬಡ ಮಾಸ್ತರರ ಮಗಳು, ಚೆಲುವೆ, ನಾಟಕವೆಂದರೆ ಪ್ರಾಣ. ರಂಗದ ಮೇಲೆ ಮಹಾಶ್ವೇತೆಯಾಗಿ ನಿಂತವಳನ್ನು ನೋಡಿ ಡಾಕ್ಟರ್ ಆನಂದ್ ಮನಸೋತ. ಮದುವೆಯೂ ಆಯಿತು. ಅವನು ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೋದ. ಇತ್ತ ಅವಳ ಕಾಲ ಮೇಲೆ ಒಂದು ಬಿಳಿ ಕಲೆ... ತೊನ್ನು! ಅತ್ತೆ ತವರಿಗೆ ಕಳಿಸಿದಳು. ತವರಿನಲ್ಲಿ ಮಲತಾಯಿ. ಗಂಡನಿಂದ ಕಾಗದಕ್ಕೆ ಉತ್ತರವಿಲ್ಲ. ತೊನ್ನು ಮುಟ್ಟಿದರೆ ಅಂಟುವ ರೋಗವಲ್ಲ ಎಂದು ಯಾರಿಗೆ ಗೊತ್ತಿರದಿದ್ದರೂ ಡಾಕ್ಟರಿಗೆ ಗೊತ್ತಿರಬೇಕಲ್ಲ! ಗೊತ್ತಿದ್ದೂ ಅವನು ಕೈಬಿಟ್ಟ.

ಇಲ್ಲಿಗೆ ಇಂಟರ್‌ವಲ್. ಸಾಯುವ ಯೋಚನೆ ಅವಳಿಗೂ ಬಂತು. ಅದನ್ನು ದಾಟಿದಳು. ಆಮೇಲಿನದೇ ನೋಡಬೇಕಾದ್ದು.

ಅನುಪಮಾ ಮುಂಬೈಗೆ ಹೋಗುತ್ತಾಳೆ. ಆಶ್ರಯ ಕೊಟ್ಟ ಮನೆಯಲ್ಲೇ ಗೆಳತಿಯ ಗಂಡನ ಕಣ್ಣು ಕೆಡುತ್ತದೆ. ಅಲ್ಲಿಂದಲೂ ಹೊರಡುತ್ತಾಳೆ. ಕಡೆಗೆ ಅವಳ ಕೈ ಹಿಡಿದದ್ದು ಯಾವ ಹೀರೋನೂ ಅಲ್ಲ, ತಾನು ಕಲಿತ ಸಂಸ್ಕೃತ! ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ವಿದ್ಯಾರ್ಥಿಗಳಿಗೆ ನಾಟಕ ಕಲಿಸುತ್ತಾಳೆ. ಚರ್ಮದ ಬಣ್ಣ ಹೋಯಿತು, ವಿದ್ಯೆ ಹೋಗಲಿಲ್ಲ. ಏಳುವುದೆಂದರೆ ಪವಾಡವಲ್ಲ, ಉಳಿದದ್ದೇನು ಅಂತ ಲೆಕ್ಕ ಹಾಕುವುದು.

ಕ್ಲೈಮ್ಯಾಕ್ಸ್ ಕೇಳ್ರಿ. ಬಾಣಭಟ್ಟನ ‘ಕಾದಂಬರಿ’ಯ ಮಹಾಶ್ವೇತೆ ಪ್ರಿಯನಿಗಾಗಿ ತಪಸ್ಸು ಮಾಡಿ ಕಾದಳು, ಪಡೆದಳು. ನಮ್ಮ ಅನುಪಮಾ? ಆನಂದ್ ಪಶ್ಚಾತ್ತಾಪದಿಂದ ಬಂದು ನಿಂತಾಗ ‘ಒಲ್ಲೆ’ ಎನ್ನುತ್ತಾಳೆ! ಒಳ್ಳೆಯವನಾದ ಡಾಕ್ಟರ್ ವಸಂತ್ ಮದುವೆಯ ಮಾತೆತ್ತಿದಾಗಲೂ ಬೇಡ ಎನ್ನುತ್ತಾಳೆ. ಅವಳ ಸಂತೋಷ ಅವಳ ಕೈಯಲ್ಲೇ.

‘ಕಥಿ ಬಿಡ್ರೀ, ಬರೆದಾಂಗ ಆಗತೈತಿ’ ಅಂತೀರಾ? ಹಾಗಾದರೆ ಪಕ್ಕದ ತಾಲೂಕಿಗೆ ಬನ್ನಿ. ಹೆಸರಿನಲ್ಲೇ ಹಾನಗಲ್ಲನ್ನು ಹೊತ್ತ ಗಂಗೂಬಾಯಿಯವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಕಲಿತರು. ಹಾಡುವ ಹೆಣ್ಣಿಗೆ ಕೊರಳೇ ಆಸ್ತಿ. ಗಂಟಲ ಆಪರೇಷನ್ ಆದ ಮೇಲೆ ಆ ಇಂಪಾದ ದನಿಯೇ ಹೋಗಿ, ಗಂಡಸಿನಂಥ ಗಡಸು ದನಿ ಉಳಿಯಿತು. ಬೇರೆಯವರಾಗಿದ್ದರೆ ತಂಬೂರಿ ಮೂಲೆಗಿಡುತ್ತಿದ್ದರೋ ಏನೋ. ಇವರು ಅದೇ ದನಿಯಲ್ಲಿ ಕಿರಾನಾ ಘರಾಣೆಯನ್ನು ಮೆರೆಸಿದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ! 2009ರಲ್ಲಿ ತೀರಿಕೊಂಡರೂ ಆ ದನಿಯನ್ನು ಒಮ್ಮೆ ಕೇಳಿದವರು ಮರೆಯಲಾರರು.

ಸವಣೂರಿನಲ್ಲೋ ಹಿರೇಕೆರೂರಿನಲ್ಲೋ ಬಸ್ಸಿಗೆ ಕಾಯುತ್ತ ಈ ಪುಟ ತಿರುವುತ್ತಿರುವ ತಮ್ಮಾ, ನೀನು ಪಿಯುಸಿ ಫೇಲಾಗಿರಬಹುದು. ನೌಕರಿ ಲಿಸ್ಟಿನಲ್ಲಿ ಹೆಸರು ಬಂದಿರಲಿಕ್ಕಿಲ್ಲ. ಅದು ಇಂಟರ್‌ವಲ್, ‘ಶುಭಂ’ ಅಲ್ಲ. ಕೈಯಲ್ಲಿ ಉಳಿದದ್ದೇನು ನೋಡಿಕೋ, ಅಲ್ಲಿಂದ ಶುರು ಮಾಡು. ದುಃಖ ತಡೆಯಲಾರದಷ್ಟಾದರೆ ಮನೆಯವರಿಗೋ ಗೆಳೆಯರಿಗೋ ಬಾಯಿಬಿಟ್ಟು ಹೇಳು. ಒಬ್ಬನೇ ನುಂಗಬೇಡ.

ಇನ್ನು ಮೆಚ್ಚಿದ ಹುಡುಗಿ ಒಲ್ಲೆ ಅಂದಳೋ? ಬೆನ್ನು ಹತ್ತಬೇಡ. ಅನುಪಮಾಳ ‘ಒಲ್ಲೆ’ಗೆ ಚಪ್ಪಾಳೆ ತಟ್ಟುವವನು ತನಗೆ ಬಂದ ‘ಒಲ್ಲೆ’ಯನ್ನೂ ಗಂಡಸಿನಂತೆ ತಾಳಿಕೊಳ್ಳಬೇಕು. ಅದಕ್ಕೂ ಒಂದು ಶಿಳ್ಳೆ ಬೀಳಲಿ!