ಸಾಲ ಸಿಕ್ಕಿದರೆ ಕೆಲಸ ಸಿಗುತ್ತದೆಯೇ?

ಕಿರುಸಾಲದಿಂದ ಬಡವರ ಮನೆಯಲ್ಲಿ ಸ್ವಉದ್ಯೋಗ ಹುಟ್ಟುತ್ತದೆ ಎಂಬ ಮಾತನ್ನು ಸ್ವಸಹಾಯ ಸಂಘಗಳ ಸಭೆಯಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ತುಂಡು ಜಮೀನೋ, ಸಣ್ಣ ಅಂಗಡಿಯೋ, ಕರೆಯುವ ಹಸುವೋ ಮೊದಲೇ ಇದ್ದವರಿಗೆ ಇದು ಬಹುಮಟ್ಟಿಗೆ ನಿಜ. ಏನೂ ಇಲ್ಲದ ಕಡುಬಡವರ ವಿಷಯ ಬೇರೆ.

ಕಡುಬಡವರು ಅಂದ್ರೆ ದುಡಿಯದವರು ಅಂತ ಅಲ್ಲ. ಅವರಿಗೆ ವರ್ಷಪೂರ್ತಿ ದುಡಿಮೆ ಇಲ್ಲ, ಅಷ್ಟೇ. ಕಿರುಸಾಲದ ತವರು ಎನ್ನುವ ಬಾಂಗ್ಲಾದೇಶವನ್ನೇ ನೋಡಿ. ಪ್ರೊಫೆಸರ್ ಮುಹಮ್ಮದ್ ಯೂನುಸ್ ಅವರು ಜೋಬ್ರಾ ಎಂಬ ಹಳ್ಳಿಯಲ್ಲಿ ಸಣ್ಣ ಸಾಲ ಕೊಡಲು ಶುರು ಮಾಡಿದ್ದು 1976ರಲ್ಲಿ. ಆದರೆ ಆ ದೇಶದ ಉತ್ತರದ ರಂಗಪುರ ಭಾಗದಲ್ಲಿ ಜಮೀನಿಲ್ಲದ ಹೆಂಗಸರು ನಾಟಿ, ಕೊಯ್ಲು, ಇಲ್ಲವೇ ಪರರ ಮನೆಯ ಪಾತ್ರೆ ತೊಳೆಯುವ ಕೆಲಸವನ್ನೇ ನಂಬಿದ್ದರು. ಭತ್ತ ಕೊಯ್ಲಿಗೆ ಬರುವ ಮುಂಚಿನ ಆಶ್ವಯುಜ-ಕಾರ್ತಿಕದಲ್ಲಿ ಕೂಲಿಯೂ ಇಲ್ಲ, ಅಕ್ಕಿಯೂ ಇಲ್ಲ. ಆ ಹಸಿವಿನ ಕಾಲಕ್ಕೆ ಅಲ್ಲಿಯವರು 'ಮೊಂಗಾ' ಅನ್ನುತ್ತಾರೆ. ಕೂಲಿ ನಿಂತ ತಿಂಗಳು ಹೇಗಿರುತ್ತದೆ ಅಂತ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ!

ಇಂಥವಳಿಗೆ ಸಾಲ ಕೊಟ್ಟರೆ ಏನಾಗುತ್ತದೆ? ಸಣ್ಣ ಹೆಣ್ಣುಗರು ತಂದರೆ ಅದು ಬೆಳೆದು, ಗಬ್ಬವಾಗಿ, ಹಾಲು ಕೊಡಲು ಎರಡು ವರ್ಷವಾದರೂ ಬೇಕು. ಕಂತು ಮಾತ್ರ ಮುಂದಿನ ವಾರವೇ ಕಟ್ಟಬೇಕು. ಅದನ್ನು ಕೂಲಿ ಹಣದಲ್ಲೇ ಕಟ್ಟಬೇಕು. ಕೂಲಿ ನಿಂತ ತಿಂಗಳು ಕರು ಸಂತೆಗೆ ಹೋಗುತ್ತದೆ. ಕೆಲಸ ಹೋಯಿತು, ಸಾಲ ಉಳಿಯಿತು. ಅವಳ ಕಂತು ನಮ್ಮ ತಲೆಗೆ ಬಂದೀತು ಅಂತ ಹೆದರಿ ಎಷ್ಟೋ ಗುಂಪುಗಳು ಅವಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಅವಳೂ ಹೆದರಿ ಬರುವುದಿಲ್ಲ.

ಮೊರಾಕೊ ದೇಶದ ಹಳ್ಳಿಗಳಲ್ಲಿ ಕಿರುಸಾಲದ ಬಗ್ಗೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್ನೊಂದು ವಿಷಯ ತಿಳಿಯಿತು. ಸಾಲ ಪಡೆದವರು ಮೊದಲೇ ಇದ್ದ ಬೇಸಾಯ, ಪಶುಪಾಲನೆಯನ್ನು ಹೆಚ್ಚಿಸಿಕೊಂಡರು, ಹೊರಗಿನ ಕೂಲಿಯನ್ನು ಕಡಿಮೆ ಮಾಡಿದರು. ಅತ್ತ ಕೂಡಿದ್ದು ಇತ್ತ ಕಳೆದು, ಮನೆಯ ಒಟ್ಟು ಆದಾಯ ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೂ ಸ್ವಂತ ಹೊಲದಲ್ಲಿ ದುಡಿಯುವುದು ಸಣ್ಣ ಸಂಗತಿ ಅಂತ ನನಗನ್ನಿಸುವುದಿಲ್ಲ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕ್ರಮವನ್ನೇ ತಿರುಗಿಸಿತು. ಊರವರನ್ನೇ ಕೂರಿಸಿ ಅತಿ ಬಡ ಮನೆಗಳನ್ನು ಗುರುತಿಸಿತು. ಅವರಿಗೆ ಮೊದಲು ಸಾಲವಲ್ಲ, ಹಸು ಅಥವಾ ಆಡುಗಳನ್ನೇ ಉಚಿತವಾಗಿ ಕೊಟ್ಟಿತು. ಆದಾಯ ಬರುವ ತನಕ ಊಟಕ್ಕೆ ಸ್ವಲ್ಪ ಹಣ, ಸಾಕುವ ತರಬೇತಿ, ಎರಡು ವರ್ಷ ಕಾರ್ಯಕರ್ತೆಯ ಮನೆಭೇಟಿ. ಸಾಲದ ಮಾತು ಆಮೇಲೆ. ನಾಲ್ಕು ವರ್ಷದ ನಂತರ ಲೆಕ್ಕ ಹಾಕಿದಾಗ ಆ ಹೆಂಗಸರ ಗಳಿಕೆ ಶೇಕಡಾ 21ರಷ್ಟು ಹೆಚ್ಚಿತ್ತು. ಸುಗ್ಗಿಯಲ್ಲಿ ಮಾತ್ರ ಕೆಲಸವಿದ್ದವರಿಗೆ ದನದ ಕೊಟ್ಟಿಗೆ ದಿನಾ ಕೆಲಸ ಕೊಟ್ಟಿತು. ಇದೇ ಜಾಡಿನಲ್ಲಿ ಬಿಹಾರ ಸರ್ಕಾರವೂ 2018ರಲ್ಲಿ 'ಸತತ್ ಜೀವಿಕೋಪಾರ್ಜನ್' ಯೋಜನೆ ಆರಂಭಿಸಿತು.

ಸಂಘದ ಪದಾಧಿಕಾರಿಗಳೇ, ಸಾಲದ ಅರ್ಜಿ ಬಂದಾಗ 'ಎಷ್ಟು ಬೇಕು?' ಅನ್ನುವುದಕ್ಕೆ ಮುಂಚೆ 'ಯಾವ್ಯಾವ ತಿಂಗಳು ನಿನಗೆ ಕೂಲಿ ಇರಲ್ಲ?' ಅಂತ ಕೇಳಿ. ಕೈಯಲ್ಲಿ ಏನೂ ಇಲ್ಲದವಳಿಗೆ ಮೊದಲು ಸಹಾಯಧನದಲ್ಲಿ ಆಡು, ಕೋಳಿ ಸಿಗುವ ದಾರಿ ಇದೆಯೇ ಎಂದು ಪಂಚಾಯತಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸಾಲವೇ ಕೊಡುವುದಾದರೆ ಕಂತು ಹಾಲು ಕರೆದ ಮೇಲೆ ಶುರುವಾಗಲಿ, ಮತ್ತು ಹಸುವಿನ ವಿಮೆ ಆ ದಿನವೇ ಮಾಡಿಸಿ.