ಕಣಗಿಲೆಯ ಹೂವು, ಬಂಡೂರಿನ ಕುರಿ

ಮಂಡ್ಯ ಸೀಮೆಯಲ್ಲಿ ಗಿಡದ ಮೇಲೆ ಅಕ್ಕರೆಯಿದ್ದರೆ ನೀರು ಸುರಿಯುತ್ತಾರೆ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಇಳಿದಂದಿನಿಂದ ಬಂದ ಧಾರಾಳ ಅದು. ಕಣಗಿಲೆಗೆ ಈ ಉಪಚಾರ ಬೇಕಿಲ್ಲ. ನಾಲೆಯ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಮಳವಳ್ಳಿ ಕಡೆಯ ಬೇಲಿಯಲ್ಲೂ ಅದು ಮದ್ದೂರಿನ ಹಿತ್ತಲಿನಷ್ಟೇ ಗೊಂಚಲು ಗೊಂಚಲಾಗಿ ಅರಳುತ್ತದೆ.

ಈ ಗಟ್ಟಿತನವೆಲ್ಲ ಎಲೆಯದು. ತೊಗಲಿನಂಥ ದಪ್ಪ ಎಲೆ. ಅದು ಉಸಿರಾಡುವ ರಂಧ್ರಗಳು ಕೆಳಮೈಯ ಸಣ್ಣ ಕುಳಿಗಳೊಳಗೆ, ನವಿರು ರೋಮಗಳ ಮರೆಯಲ್ಲಿವೆ. ಬಿಸಿಗಾಳಿ ಬೀಸಿದರೂ ತೇವ ಸುಲಭವಾಗಿ ಆರುವುದಿಲ್ಲ. ಅತಿಯಾಗಿ ನೀರುಂಡು ಚೌಳಾದ ನೆಲವನ್ನೂ ಬೋರ್‌ವೆಲ್‌ನ ಉಪ್ಪು ನೀರನ್ನೂ ಗಿಡ ತಾಳಿಕೊಳ್ಳುತ್ತದೆ. 1945ರ ಅಣುಬಾಂಬ್ ದಾಳಿಯ ನಂತರ ಹಿರೋಶಿಮಾದಲ್ಲಿ ಮೊದಲು ಅರಳಿದ ಹೂಗಳಲ್ಲಿ ಇದೂ ಒಂದೆಂದು ಆ ಊರು ಇದನ್ನು ತನ್ನ ಅಧಿಕೃತ ಹೂವಾಗಿಸಿಕೊಂಡಿದೆ. ನಾವು ಶಿವಪೂಜೆಗೆ ಕೊಯ್ದು ಮರೆತುಬಿಡುತ್ತೇವೆ.

ನೆಡಲು ಜೂನ್‌ನ ಮೊದಲ ಮಳೆ ಸರಿಯಾದ ಹೊತ್ತು. ಪೆನ್ಸಿಲ್ ದಪ್ಪದ ಗೇಣುದ್ದ ಕಡ್ಡಿಯ ಕೆಳಗಿನ ಎಲೆ ತೆಗೆದು ಊರಿದರೆ ಬೇರು ಬಿಡುತ್ತದೆ; ಬಾಟಲಿ ನೀರಿನಲ್ಲಿಟ್ಟರೂ ಸರಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು, ನೆರಳಿನಲ್ಲಿ ಬರೀ ಎಲೆ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಬೇಸಿಗೆಯ ಹೂ ಮುಗಿದ ಮೇಲೆ ಮೂರರಲ್ಲೊಂದು ಪಾಲು ಸವರಲೇಬೇಕು. ಗೊಬ್ಬರ ಹೆಚ್ಚು ಹಾಕುವುದು ದಂಡ.

ಹಳದಿ ಹೇನು ಚಿಗುರಿಗೆ ಮುತ್ತಿದರೆ ನೀರಿನ ರಭಸ ಸಾಕು. ಎಲೆಯಡಿ ಚಿನ್ನದ ಲೇಪ ಕೊಟ್ಟಂತೆ ಹೊಳೆಯುವ ಕೋಶ ತೂಗುತ್ತಿದ್ದರೆ ಮುಟ್ಟಬೇಡಿ, ಅದು ಚಿಟ್ಟೆಯದು. ನಾಲ್ಕು ಎಲೆ ಹೋದರೆ ಹೋಗಲಿ.

ಇಷ್ಟು ಸಲೀಸಾದ ಗಿಡದ ನಿಜವಾದ ಆರೈಕೆ ಸವರಿದ ಮೇಲೆ ಶುರು. ಬೇರಿನಿಂದ ಹೂವಿನವರೆಗೆ ಕಣಗಿಲೆಯೆಲ್ಲ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಹಸಿ ಎಲೆ ಕಹಿ, ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಒಣಗಿದರೆ ಕಹಿ ತಗ್ಗುತ್ತದೆ, ವಿಷ ತಗ್ಗುವುದಿಲ್ಲ. ಬೇಲಿಯ ಪಕ್ಕ ಬಿಸಾಡಿದ ಸೊಪ್ಪು ಒಣಗಿ, ಕಬ್ಬಿನ ಸೋಗೆಯ ಜತೆ ಕೊಟ್ಟಿಗೆಗೆ ಹೋದರೆ ಮುಗಿಯಿತು: ಹಸುವಿಗೆ ಹತ್ತಿಪ್ಪತ್ತು ಎಲೆ ಸಾಕು, ಕುರಿಗೆ ಒಂದೆರಡೂ ಅಪಾಯ. ಗಿಡ್ಡ ಕಾಲಿನ, ಮಾಂಸಕ್ಕೆ ಹೆಸರಾದ ಬಂಡೂರು ಕುರಿಯ ಮೂಲ ಊರು ಇರುವುದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. ಕುರಿ ಸಾಕಿದ ಮನೆಯವರು ಕಣಗಿಲೆಯನ್ನು ರಸ್ತೆ ಕಡೆಯ ಅಂಗಳಕ್ಕೆ ಇಟ್ಟುಕೊಳ್ಳಲಿ, ಕೊಟ್ಟಿಗೆಯ ದಿಕ್ಕಿಗೆ ಬೇಡವೇ ಬೇಡ.

ಸವರುವಾಗ ಕೈಗವಸು ಹಾಕಿಕೊಳ್ಳಿ, ಗಿಡದ ಹಾಲು ಕಣ್ಣಿಗೆ ತಾಕದಿರಲಿ. ಕಡ್ಡಿಯನ್ನು ಒಲೆಗೆ ಇಡಬೇಡಿ, ಹೊಗೆಯೂ ಕೆಟ್ಟದ್ದು. ಸೊಪ್ಪನ್ನು ಅಂದೇ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಮಗುವೋ ಕರುವೋ ತಿಂದಿದೆಯೆಂಬ ಅನುಮಾನ ಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ, ಒಂದು ರೆಂಬೆ ಕೈಯಲ್ಲಿ ಹಿಡಿದು ನೇರ ವೈದ್ಯರ ಬಳಿಗೆ ಹೋಗಿ.